ಕೆಳಗಿನ ಡಬ್ಬಿ

ನಮ್ಮ ಸ್ಟುಡಿಯೋ ಸರಸ್ವತಿಪುರದಲ್ಲಿ,
ಅವರದು ಒಂಟಿಕೊಪ್ಪಲಿನಲ್ಲಿ.
ನಡುವೆ ಒಂದು ರೈಲು ಹಳಿ, ಎರಡು ಕೋರ್ಟು ಕೇಸು,
ಸಂಜೆ ಏಳೂವರೆಯ ಧಾರಾವಾಹಿಯ ಜಾಗ.

ನಮ್ಮ ಯಜಮಾನರು ಅರಸುಗಳು, ಆ ಕಡೆ ಚಂದ್ರಮೌಳಿ.
ಮದುವೆ ಊಟದಲ್ಲಿ ಎದುರುಬದುರು ಕೂತರೆ
ಯಾರಾದರೊಬ್ಬರು ಪಾಯಸಕ್ಕೆ ಮುಂಚೆಯೇ ಕೈ ತೊಳೆಯುತ್ತಿದ್ದರು.

ಬಾಗಿಲ ಪಕ್ಕ ನೋಟೀಸು:
ಆ ಕಡೆಯವರೊಂದಿಗೆ ಮಾತಾಡಿದ್ದು ಕಂಡರೆ ಕೆಲಸವಿಲ್ಲ.
ಓದಿ ಸಹಿ ಹಾಕಿದವರಲ್ಲಿ ನಾನೂ ಒಬ್ಬ,
ಗುರುಸಿದ್ಧ, ವಿಡಿಯೋ ಎಂಜಿನಿಯರ್, ಸಂಬಳ ಎರಡು ಸಾವಿರದ ನೂರು.
ಅಂಥದೇ ಕಾಗದಕ್ಕೆ ಅಲ್ಲಿ ಇನಾಯತ್‌ನ ಸಹಿ.
ಪಾಲಿಟೆಕ್ನಿಕ್ಕಿನಲ್ಲಿ ಇಬ್ಬರೂ ಒಂದೇ ಬೆಂಚು,
ಒಂದೇ ಸಾಲ್ಡರಿಂಗ್ ಐರನ್ನಿಗೆ ಸುಟ್ಟ ಬೆರಳು.

ಅವತ್ತು ಗುರುವಾರ, ರಾತ್ರಿ ಹತ್ತೂವರೆ.
ಬೆಳಗಿನ ಐದರ ಬಸ್ಸಿಗೆ ಟೇಪು ಹೋಗಬೇಕು.
ಮಾನಿಟರಿನಲ್ಲಿ ಅತ್ತೆ ಅಳುತ್ತಿದ್ದಾಳೆ,
ಅವಳ ಮೂಗುತಿ ಮೂಗು ಬಿಟ್ಟು
ಕೆನ್ನೆಗುಂಟ ಹರಿದು ಹೋಗುತ್ತಿದೆ.
ಟೈಮ್‌ಬೇಸ್ ಕರೆಕ್ಟರಿನ ಕಾರ್ಡು ಸತ್ತಿತ್ತು.
ಬೊಂಬಾಯಿಯಿಂದ ಹೊಸದು ಬರಲು ಹನ್ನೆರಡು ದಿನ.
ಎಡಿಟರ್ ಬೋರಯ್ಯ ನನ್ನನ್ನು ನೋಡಿದ,
ನಾನು ಫೋನನ್ನು ನೋಡಿದೆ.

'ಊಟ ಆಯ್ತಾ?' ಅಂದೆ.
'ಏನು ಬೇಕಿತ್ತು?' ಅಂದ.
'ಹೊಟ್ಟೆಗೆ ಟೈಮು ತಪ್ಪಿದೆ.'
ಆ ತುದಿಯಲ್ಲಿ ಫ್ಯಾನಿನ ಸದ್ದು ಮಾತ್ರ.
ಅವನ ಹತ್ತಿರವೂ ಇದ್ದದ್ದು ಒಂದೇ,
ಅದನ್ನು ಕಿತ್ತರೆ ಅವನ ಮೆಷೀನೂ ಕುರುಡು.
'ನಾಲ್ಕಕ್ಕೆ ಡಬ್ಬಿ ತೊಳೆದು ವಾಪಸ್ ಕೊಡು' ಅಂದ.

ಸೈಕಲ್ ತುಳಿದು ಹೋದರೆ ಗೇಟು ಬಿದ್ದಿದೆ.
ಗೂಡ್ಸು ಗಾಡಿಯ ಆಚೆ ಅವನ ಟಾರ್ಚು,
ಬೋಗಿ ಬೋಗಿಯ ಸಂದಿನಲ್ಲಿ ಮಿನುಗಿ ಮಾಯ,
ಸೆಕೆಂಡಿಗೆ ಇಪ್ಪತ್ತೈದು ಫ್ರೇಮಿಗಿಂತ ಬಹಳ ಕಡಿಮೆ.

ಮೂರು ಡಬ್ಬಿಯ ಕ್ಯಾರಿಯರ್.
ಮೇಲೆ ಕುಷ್ಕ, ನಡುವೆ ಮೊಸರು ಬಜ್ಜಿ,
ಕೆಳಗೆ ಸಿಗರೇಟಿನ ಬೆಳ್ಳಿ ಕಾಗದ ಸುತ್ತಿದ ಹಸಿರು ಕಾರ್ಡು,
ಗುರುತಿಗೆ ಮೂಲೆಯಲ್ಲಿ
ಅವನ ಹೆಂಡತಿ ಫರ್ಹತ್ತಳ ನೈಲ್ ಪಾಲಿಶಿನ ಕೆಂಪು ಚುಕ್ಕಿ.

ಬಾಗಿಲಲ್ಲಿ ಅರಸುಗಳು, ತಲೆಗೆ ಮಂಕಿ ಕ್ಯಾಪು.
'ಏನಯ್ಯ ಅದು?'
'ಊಟ, ಬುದ್ಧಿ.'
'ಈ ಹೊತ್ತಲ್ಲಿ?'
ಅವರೇ ಕೊಂಡಿ ಎಬ್ಬಿಸಿದರು.
ಒಂದನ್ನು ಎತ್ತಿದರು, ಇನ್ನೊಂದನ್ನೂ ಎತ್ತಿದರು.
ಕೆಳಗಿನದರ ಬೆಳ್ಳಿ ಕಾಗದ ಬಿಡಿಸಿ
ಟ್ಯೂಬ್‌ಲೈಟಿನ ಕೆಳಗೆ ಹಿಡಿದು
ಆ ಚುಕ್ಕಿಯನ್ನು ನೋಡೇ ನೋಡಿದರು.
ಮತ್ತೆ ಸುತ್ತಿ ಇದ್ದ ಹಾಗೇ ಇಟ್ಟರು.
'ಉಪ್ಪು ಒಂಚೂರು ಕಡಿಮೆ' ಅಂದರು,
ಕುಷ್ಕದ ಡಬ್ಬಿಯೊಂದನ್ನು ಹಿಡಿದು ಒಳಗೆ ಹೋದರು.

ಹನ್ನೆರಡಕ್ಕೆ ಮೂಗುತಿ ಮೂಗಿಗೆ ಬಂತು.
ನಾಲ್ಕಕ್ಕೆ ಕ್ಯಾರಿಯರ್ ಹಳಿ ದಾಟಿತು,
ಎರಡೇ ಡಬ್ಬಿ, ದಾರಿಯುದ್ದ ಲೊಡಲೊಡ.

ಆಮೇಲೆ ಮೂರು ವರ್ಷ
ಅದು ಎಷ್ಟು ಸಲ ಹೋಯಿತೋ ಬಂತೋ.
ನಮ್ಮ ಫ್ಯೂಸು, ಅವರ ಬೆಲ್ಟು,
ಬೆನ್ನಿಗೆ ಬ್ರಹ್ಮಗಂಟು ಹಾಕಿಕೊಂಡಂತಿದ್ದ ಕೇಬಲ್ಲು.
ತಿಂಗಳಿಗೊಮ್ಮೆ ಸರಿರಾತ್ರಿ
ಇಬ್ಬರೂ ಕಲರ್ ಬಾರ್ ಹಾಕಿಕೊಂಡು ಫೋನು ಹಿಡಿಯುವುದು:
'ನಿನ್ನ ಕೆಂಪು ಎಲ್ಲಿ ಕೂತಿದೆ?'
'ನೂರಾ ಮೂರರಲ್ಲಿ.'
'ನಂದು ನೂರಾ ಏಳು. ತಡಿ, ಇಳಿಸ್ತೀನಿ.'
ಕೇಸು ಹೈಕೋರ್ಟಿಗೆ ಹೋದ ವರ್ಷ
ನಮ್ಮ ಬಿಳಿ, ಅವರ ಬಿಳಿ
ಮೈಸೂರಿನ ಯಾವ ಟೀವಿಯಲ್ಲೂ ಬೇರೆಯಾಗಿರಲಿಲ್ಲ.
ಯಾರೂ ಗಮನಿಸಲಿಲ್ಲ. ಗಮನಿಸಬಾರದು ಅಂತಲೇ ಮಾಡಿದ್ದು.

ಈಗ ನಮ್ಮದು ಟೈಲ್ಸ್ ಅಂಗಡಿ, ಅವರದು ಟ್ಯೂಷನ್ ಸೆಂಟರು.
ಮೊನ್ನೆ ಮೇಜಿನ ಖಾನೆ ಸೋಸುವಾಗ
ಒಂದು ಹಸಿರು ಕಾರ್ಡು ಸಿಕ್ಕಿತು.
ಮೂಲೆಯಲ್ಲಿ ಅವನ ಕೆಂಪು ಚುಕ್ಕಿ,
ಅದರ ಪಕ್ಕದಲ್ಲೇ ನನ್ನ ಬಿಳಿ ಪೇಂಟಿನದು.
ಯಾವಾಗ ಹಚ್ಚಿದೆನೋ, ಯಾಕೆ ಹಚ್ಚಿದೆನೋ.
ಫೋನು ಮಾಡಿದೆ: 'ಇದು ಯಾರದಪ್ಪ?'

'ಕಾರ್ಡು ನೀನೇ ಇಟ್ಕೊ ಮಾರಾಯ,' ಅಂದ ಇನಾಯತ್,
'ಮೇಲಿನ ಡಬ್ಬಿ ಎಲ್ಲಿ?
ಫರ್ಹತ್ ಇವತ್ತಿಗೂ ಕೇಳ್ತಾಳೆ.'