ಬೆನ್ನಿನ ಅಚ್ಚು

ನಮ್ಮ ಅಂಗಡಿಗೆ ಬರುತ್ತಿದ್ದದ್ದು ಮೂರೇ ಜಾತಿ:
ದೇವರು, ಸತ್ತವರು, ಸರ್ಟಿಫಿಕೇಟು.
ಬಂದರಿನ ಓಣಿಯಲ್ಲಿ ಗಾಜು ಕೊಯ್ಯುತ್ತ ಅಪ್ಪ
ಮೂರಕ್ಕೂ ಒಂದೇ ರೇಟು ಹೇಳುತ್ತಿದ್ದರು.

ನಾಲ್ಕನೆಯದನ್ನು ಸುರುಳಿ ಸುತ್ತಿ ತಂದವರು
ಪಾವ್ಲಿನ್ ಬಾಯಿ, ಕಾನ್ವೆಂಟಿನ ಡ್ರಾಯಿಂಗ್ ಟೀಚರು.
ಕಪ್ಪು ಬಂಗುಡೆ, ಕಪ್ಪು ಬುಟ್ಟಿ, ಬಿಳಿಯಾಗಿ ಉಳಿದ ಕಡಲು.
ಅಂಚಿಗೆ ಪೆನ್ಸಿಲಿನಲ್ಲಿ: ೩/೧೫.
"ಉಳಿದ ಹದಿನಾಲ್ಕು ಎಲ್ಲಿ?" ಅಪ್ಪ ಕೇಳಿದರು.
ನಾನು ಅಂಕಿಯನ್ನು ಮೌಂಟಿನ ಅಡಿಗೆ ಅಡಗಿಸಿ
ಮೊಳೆ ಹೊಡೆದೆ. ಸಂಜೆ ಬೈಸಿಕೊಂಡೆ.
"ಅದು ಕೊಳೆ ಅಲ್ಲ ಮೋನಪ್ಪ, ಜಾತಕ."

ಎಪ್ಪತ್ತೆರಡು. ಮೊದಲ ಪ್ರದರ್ಶನ.
ಚೌಕಟ್ಟಿಗೆ ದುಡ್ಡು ಸಾಕಾದದ್ದು ಐದಕ್ಕೆ,
ಮಿಕ್ಕವು ಕಿಟಕಿಯಿಂದ ಕಿಟಕಿಗೆ ಕಟ್ಟಿದ ಹುರಿಹಗ್ಗದಲ್ಲಿ
ಬಟ್ಟೆಯ ಕ್ಲಿಪ್ಪು ಕಚ್ಚಿಕೊಂಡು ಒಣಗಿದವು.
ಬಂದವರು ಇಬ್ಬರು ಸಿಸ್ಟರು, ಒಬ್ಬ ಪೋಸ್ಟ್‌ಮ್ಯಾನ್.
ಅವನು ಬಂದದ್ದು ಕಾಗದ ಕೊಡಲಿಕ್ಕೆ,
ಕೂತದ್ದು ಒಂದು ಗಂಟೆ.
ಮಾರಿದ ಚಿತ್ರಕ್ಕೆ ಅಂಟಿಸಲೆಂದು ಬಾಯಿ
ಕೆಂಪು ಚುಕ್ಕೆಯ ಹಾಳೆ ತರಿಸಿದ್ದರು. ನೂರು ಚುಕ್ಕೆ.
ಒಂದೂ ಹಾಳೆಬಿಟ್ಟು ಏಳಲಿಲ್ಲ.

ಆಮೇಲೆ ಗೋಡೆ.
ಧಕ್ಕೆಯ ಐಸ್ ಪ್ಲಾಂಟಿಗೆ ನಲವತ್ತಡಿ ಸುಟ್ಟಮಣ್ಣು,
ಹೊಳೆಬದಿಯ ಹೆಂಚಿನ ಕಾರ್ಖಾನೆಯ ಗೂಡಿನಲ್ಲಿ ಬೇಯಿಸಿ
ಲಾರಿಯಲ್ಲಿ ಹುಲ್ಲು ಹಾಸಿ ತಂದದ್ದು.
ಮೀನು ಹೊತ್ತ ಹೆಂಗಸರು. ಮುಖವಿಲ್ಲ, ಬರೀ ಕತ್ತು.
ಕತ್ತು ನೋಡಿಯೇ ಬುಟ್ಟಿಯ ತೂಕ ಹೇಳಬಹುದಿತ್ತು.
ಏಲಮಿನವರು ಅದರಡಿ ಬೀಡಿ ಹಚ್ಚಿದರು,
ನಾಯಿ ಮಲಗಿತು, ಉಪ್ಪು ಹತ್ತಿತು.
ಮೂವತ್ತೊಂದು ವರ್ಷ
ಆ ಪ್ರದರ್ಶನಕ್ಕೆ ಬಾಗಿಲೇ ಇರಲಿಲ್ಲ.

ನನಗೆ ಇಸವಿಗಳು ನೆನಪಿರುವುದು ಮೊಳೆಯ ಸೈಜಿನಲ್ಲಿ.
ಬ್ಯಾಂಕಿನ ಮಹಡಿ ಮುಕ್ಕಾಲಿಂಚು: ಮ್ಯಾನೇಜರು ಒಂದು ಕೊಂಡರು,
"ಬಿರುಕು ಮುಚ್ಚಲಿಕ್ಕೆ ಸರಿಯಾದ ಅಳತೆ."
ಮೊದಲ ಚುಕ್ಕೆ ಹಾಗೆ ಎದ್ದಿತು.
ಪುರಭವನ ಎರಡಿಂಚು: ಮೂರನೆಯ ದಿನ ಮದುವೆ ಪಾರ್ಟಿ ಬಂತು,
ನಾವು ಇಳಿಸುತ್ತಿದ್ದ ಹಾಗೆಯೇ
ನಮ್ಮ ಮೊಳೆಗೆ ಅವರ ಮಲ್ಲಿಗೆ.
ಬಾಯಿ ಹಿಂದಿನ ಸಾಲಿನಲ್ಲಿ ಕೂತು
ಐಸ್‌ಕ್ರೀಮ್ ತಿಂದೇ ಹೊರಟರು.

ರಸ್ತೆ ಅಗಲವಾಗುವ ವರ್ಷ ಬೆಳಿಗ್ಗೆ ಫೋನು:
"ಸುತ್ತಿಗೆ ಬೇಡ ಮೋನಪ್ಪ, ಗೋಣಿ ತಾ."
ಜೆಸಿಬಿಯವ ಒಳ್ಳೆಯವ, ಚಾ ಕುಡಿಯುವಷ್ಟು ಹೊತ್ತು ಕೊಟ್ಟ.
ಹನ್ನೆರಡು ಗೋಣಿ ಆಯಿತು.
ಕತ್ತುಗಳು ಪುಡಿ. ಬುಟ್ಟಿಗಳು ಪುಡಿ.
ಬಾಯಿ ಅಳಲಿಲ್ಲ. ತುಂಡನ್ನು ಮಗುಚಿ ಹಾಕಿ ನೋಡಿದರು.

ಹಿಂಬದಿಯಲ್ಲಿ ಬೆರಳು.
ಹಸಿಮಣ್ಣು ಅಚ್ಚಿಗೆ ಒತ್ತಿದ ಹೆಂಗಸರ
ನಾಲ್ಕು ನಾಲ್ಕು ಬೆರಳು, ಒಂದು ಕಡೆ ಬಳೆಯ ಗೆರೆ.
"ಮುಂದಿನದ್ದು ನಾನು ಮಾಡಿದ್ದು," ಅಂದರು,
"ಇದನ್ನು ಗೋಡೆಗೆ ತೋರಿಸಿ ಅಂಟಿಸಿಬಿಟ್ಟೆನಲ್ಲ."

ಎಂಬತ್ತು ತುಂಬಲಿಕ್ಕೆ ಬಂದ ಕೈಯಲ್ಲಿ
ತುಂಡುಗಳ ಬೆನ್ನಿಗೆ ಶಾಯಿ ಉರುಳಿಸಿ
ಕಾಗದ ಹಾಸಿ ಸೌಟಿನ ಬೆನ್ನಿಂದ ಉಜ್ಜಿದರು.
ಮಣ್ಣಲ್ಲಿ ಎಡಗೈ ಆಗಿದ್ದದ್ದು
ಕಾಗದದಲ್ಲಿ ಬಲಗೈ ಆಗಿ ಎದ್ದುಬಂತು.
ಕಡೆಯ ಪ್ರದರ್ಶನ ಅವರ ಮನೆಯ ಕಾರ್ ಶೆಡ್ಡಿನಲ್ಲಿ.
"ಗಾಜು ಬೇಡ" ಅಂದದ್ದು ಅದೊಂದೇ ಸಲ.

ಅಮ್ಮನದೂ ಇರಬಹುದೇ ಅಂತ ಹುಡುಕಿದೆ.
ಇರಲಿಕ್ಕಿಲ್ಲ. ಅಮ್ಮ ಹೋಗುತ್ತಿದ್ದದ್ದು ಬೇರೆ ಕಾರ್ಖಾನೆಗೆ.
ಆದರೂ ಒಂದರ ಮುಂದೆ ನಿಂತು ರೇಟು ಕೇಳಿದೆ.
ಬಾಯಿ ನಗಲಿಲ್ಲ, ಅಪ್ಪನ ರೇಟು ಹೇಳಿದರು.
ಹಳೆಯ ಹಾಳೆಯ ಚುಕ್ಕೆಯಲ್ಲಿ ಗೋಂದು ಸತ್ತಿತ್ತು,
ಹೆಬ್ಬೆರಳಲ್ಲಿ ಒತ್ತಿ ಹಿಡಿದು ನಿಂತೆ.

ಈಗ ಅದು ಅಂಗಡಿಯಲ್ಲಿ ಉಂಟು,
ದೇವರಿಗೂ ಸತ್ತವರಿಗೂ ನಡುವೆ.
ಗಿರಾಕಿಗಳು ಕೇಳುತ್ತಾರೆ:
"ಇದೇನು, ಯಾರೋ ಮಾಡಲಿಕ್ಕೆ ಕೊಟ್ಟು
ತಕ್ಕೊಂಡು ಹೋಗದ್ದಾ?"
ಹೌದು ಅನ್ನುತ್ತೇನೆ.