ಒಂದು ತಟ್ಟಿದರ ಏರಸು

ದಾವಲಸಾಬನ ಗ್ಯಾರೇಜಿನ್ಯಾಗ ಬೆಳಿಗ್ಗಿ ಹತ್ತರಿಂದ
ನಮ್ಮ ಗಾಡಿಯ ಮಾರಿ ಬಿಚ್ಚಿ ಹಾಕ್ಯಾರ.
ಹೆಡ್‌ಲೈಟು ವಾಯರಿಗೆ ಜೋತುಬಿದ್ದು
ನೆಲಾ ನೋಡತೈತಿ, ಬೈಸಿಕೊಂಡ ಹುಡುಗನಂಗ.

ಡಬ್ಬಿಯೊಳಗಿಂದ ಬಂದದ್ದು ಇಷ್ಟ:
ಅರ್ಧಾ ಬೆಂಕಿಪೊಟ್ಟಣದಷ್ಟು ಕರೇ ಗಾಜು,
ಒಂದು ಅಯಸ್ಕಾಂತದ ಗುಂಡಿ, ನಾಕು ವಾಯರು.
"ಕೆಂಪು ಚಾವಿಗೆ, ಕರಿ ಚಾಸಿಗೆ,
ಹಳದಿ ಕಾಯಿಲಿಗೆ, ನೀಲಿ ಗಾಲಿಗೆ"
ಅಂತ ತನಗ ತಾನ ಹೇಳಿಕೋತ ಸುಲೀತಾನ ದಾವಲಸಾಬ,
ಹಾಸಿಗೆ ಎಳಿ ಎಣಿಸೋ ಮುಂದ
ನಮ್ಮ ಮಂದಿ ಹಿಂಗ ಬಣ್ಣಾ ಹೇಳಿಕೋತಾರ.

"ಇದ್ಯಾಕ ಬೇಕ್ರಿ ಕಾಕಾ?
ಗೇರು ಕಿವಿಗೆ ಗೊತ್ತಾಗತೈತಲ್ಲ" ಅಂದ
ಪಕ್ಕಡ ಹಿಡಕೊಂಡು ನಿಂತ ಹೊಸಾ ಹುಡುಗ.
ಇವರು ನಕ್ಕರು.
ಕೇಳಿಸಿರಲಿಲ್ಲ.

ಬೆಟಗೇರಿಯ ಪಾವರ್‌ಲೂಮು, ಮೂವತ್ತೊಂದು ವರ್ಷ.
ಖಟಾಖಟಾ ಖಟಾಖಟಾ.
ಮದಲ ಗುಬ್ಬಿ ಹೋದವು, ಆಮ್ಯಾಲೆ ಕುಕ್ಕರಿನ ಸೀಟಿ,
ಆಮ್ಯಾಲೆ ನಾನು ಮೆಲ್ಲಕ ಅಂದದ್ದು,
ಆಮ್ಯಾಲೆ ಒದರಿದ್ದೂ.
ಕಡೀಕ ಇಂಜಿನ್ನು.
ಎರಡನೇ ಗೇರಿನ್ಯಾಗ ಲಕ್ಕುಂಡಿತನಾ ಹೋಗಿಬಿಡತಿದ್ದರು.
ಗಾಡಿ ಚೀರತಿತ್ತು, ಹೊಲದಾಗಿನ ಮಂದಿ ಸೆಟದು ನಿಂತು ನೋಡತಿತ್ತು,
ಇವರಿಗೆ ಬರೇ ತಂಪು ಗಾಳಿ.

ಅದಕ್ಕ ನಾನು ಹಿಂದ ಕುಂತು ಬೆನ್ನಿಗೆ ಹೇಳತಿದ್ದೆ.
ಒಂದು ತಟ್ಟಿದರ ಏರಸು.
ಎರಡು ತಟ್ಟಿದರ ಇಳಸು.
ಅಂಗೈ ಪೂರಾ ಇಟ್ಟರ ನಿಂದರಸು:
ಮುಂದ ಎಮ್ಮಿ ಐತಿ, ಇಲ್ಲಾ ನನಗ ಚಾ ಬೇಕಾಗೇತಿ.
ಹನ್ನೊಂದು ವರ್ಷದಾಗ ಒಮ್ಮೆನೂ ಲೆಕ್ಕ ತಪ್ಪಿಲ್ಲ.
ಜಗಳಾಡಿದ ದಿನ ಸ್ವಲ್ಪ ಜೋರ ತಟ್ಟೇನಿ,
ಅದು ಬ್ಯಾರೆ ಮಾತು.

ಈಗ ನನಗ ನೇಕಾರ ಸೊಸೈಟಿಯೊಳಗ ವಹಿ ಬರಿಯೂ ಕೆಲಸ,
ಹತ್ತರಿಂದ ಐದು. ಹುಬ್ಬಳ್ಳಿಗೆ ಸೀರಿ ಗಂಟು ಒಬ್ಬರ ಒಯ್ತಾರ.
ಒಂದ ತಿಂಗಳಿನ್ಯಾಗ ಕ್ಲಚ್ ಪ್ಲೇಟು ಸುಟ್ಟು ಕರಕ.
"ಅಂಕಿ ತೋರಸೋ ಡಬ್ಬಿ ಬರತೈತ್ರಿ" ಅಂದಿದ್ದ ದಾವಲಸಾಬ,
ಇವರಿಗಲ್ಲ, ನನಗ.

ಮಧ್ಯಾಹ್ನ ಬೆಸದು, ಟೇಪು ಸುತ್ತಿ, ಚಾವಿ ತಿರುವಿದರ
ಗಾಜಿನ್ಯಾಗ ಒಂದು ಕೆಂಪು ಅಡ್ಡಗೆರಿ. ಅಷ್ಟ.
"ಅದಕ್ಕಿನ್ನೂ ಏನೂ ತಿಳಿಯೂದಿಲ್ರಿ ಅಕ್ಕಾರ, ಕಲಿಸಬೇಕು.
ಒಂದೊಂದು ಗೇರಿನ್ಯಾಗ ಹದಾ ಹಿಡದು ಓಡಸ್ರಿ,
ಇದು ಒಂದು, ಇದು ಎರಡು ಅಂತ ಗುಂಡಿ ಒತ್ರಿ.
ಆಮ್ಯಾಲೆ ಮರಿಯೂದಿಲ್ಲ."
ಸಂಬಳಾ ಇಲ್ಲದ ಮಾಸ್ತರಿಕಿ, ಹತ್ತಿದೆ ಹಿಂದ.

ಮುಳಗುಂದದ ರಸ್ತಾ ಖಾಲಿ ಇತ್ತು.
ಹದಾ ನನ್ನ ಕಿವಿಯಾಗ, ಗುಂಡಿ ಇವರ ಹೆಬ್ಬಟ್ಟಿನ ಕೆಳಗ.
ತಟ್ಟಿದೆ. ಒತ್ತಿದರು. ಒಂದು.
ತಟ್ಟಿದೆ. ಎರಡು, ಮಿಣಮಿಣ ಅಂದು ನಿಂತಿತು.
ಮೂರಕ್ಕ ಒಂದು ಕಬ್ಬಿನ ಟ್ರ್ಯಾಕ್ಟರು ಅಡ್ಡ ಬಂತು, ಮತ್ತ ಮದಲಿಂದ.
ಏಳು ಕಡ್ಡಿ ಅದರ ಹತ್ತರ, ಏಳರಾಗ ಎಲ್ಲಾ ಅಂಕಿ ನೇಯತೈತಿ.
ನಾಕೂ ಕಲೀತು. ಯಾರ ಬಳ್ಳಿನಿಂದ ಕಲೀತು ಅನ್ನೂದು
ಅದರ ಯಾವ ಕಡ್ಡಿಯೊಳಗೂ ಮೂಡೂದಿಲ್ಲ.

ಬರೋ ಮುಂದ ಇವರಿಗೆ ರಸ್ತಾ ಬ್ಯಾಡ, ಗಾಜ ಬೇಕು.
"ಮೂರು! ನೋಡ, ಮೂರು!" ಊರಿಗೇ ಕೇಳೂ ಹಂಗ.
ನಾನು ಕೈ ತೊಡಿಮ್ಯಾಲ ಇಟಗೊಂಡೆ,
ತಿರುಗಿ ಸೀಟಿನ ಹಿಂದಿನ ಸರಳಾ ಹಿಡದೆ,
ಎಲ್ಲೆ ಇಟ್ಟರೂ ಅದು ಯಾರದೋ ಕೈ ಇದ್ದಂಗ.

ಕೆರಿ ಏರಿ ಹತ್ತಿತು.
ಗಾಡಿ ಏದುಸಿರು ಬಿಟ್ಟು ಕಟಕಟ ನಡುಗಾಕ ಹತ್ತಿತು.
ಗಾಜಿನ್ಯಾಗ ನಾಕು. ಚೆಲುವ ಕೆಂಪು ನಾಕು, ಅಲ್ಲಾಡಲಿಲ್ಲ.
ಇದ್ದದ್ದು ಹೇಳತೈತಿ ಪಾಪ,
ಬೇಕಾದದ್ದು ಹೆಂಗ ಹೇಳೀತು?
ಎರಡು ತಟ್ಟಿದೆ.
ಇಳಿಸಿದರು ಇವರು, ಗಾಜು ನೋಡಲಿಲ್ಲ.

ಸ್ವಾಮವಾರ ಒಬ್ಬರ ಹೊಂಡತಾರ.
ಅಣ್ಣಿಗೇರಿ ದಾಟಿದ ಮ್ಯಾಲ ಒಂದು ಬ್ರಿಜ್ಜು, ಅಲ್ಲೆ ಮೂರಕ್ಕ ತರ್ರಿ
ಅಂತ ಸೀರಿ ಗಂಟಿನ ಚೀಟಿಯ ಹಿಂದ
ದಪ್ಪ ಅಕ್ಷರದಾಗ ಬರದಿಟ್ಟೇನಿ.