ಏಳನೆಯ ಗೇಟು

ಫ್ರೀಸ್‌ಲ್ಯಾಂಡಿನ ಕಡಲೊಡ್ಡಿನ ಮೇಲೆ
ಏಪ್ರಿಲ್ಲಿನ ಮೂಡಗಾಳಿ, ನೇರ ಮುಖಕ್ಕೆ.
ನಾಯಿ ಹಿಡಿದ ಮುದುಕಿಯೊಬ್ಬಳು
ನಡೆಯುತ್ತಲೇ ನಮ್ಮನ್ನು ದಾಟಿದಳು.

ಎಡಕ್ಕೆ ಇಳಿದ ಸಮುದ್ರ; ಬರೀ ಕೆಸರು, ಹೊಳೆಯುವ ಕೆಸರು.
ಬಲಕ್ಕೆ, ಸಮುದ್ರಕ್ಕಿಂತ ತಗ್ಗಿನಲ್ಲಿ,
ಹುಲ್ಲು, ಹಂಚಿನ ಮಾಡು, ಒಣಹಾಕಿದ ಅಂಗಿ
ಯಾರಿಗೋ ತೋಳು ಬೀಸುತ್ತಿದೆ.

ಕುರಿಗಳಿಗೆಂದು ಅರ್ಧ ಮೈಲಿಗೊಂದು ಗೇಟು.
ಇಳಿ, ತೆರೆ, ನೂಕು, ಮುಚ್ಚು, ಹತ್ತು.
ವೀಬೆ ಎಣಿಸುವುದಿಲ್ಲ. ನಾನು ಎಣಿಸುತ್ತೇನೆ.
ಮೂರನೆಯದರ ಬಳಿ ಎಳೆಯ ಮರಿಯೊಂದು
ನನ್ನ ಪೆಡಲಿನ ರಬ್ಬರು ಚೀಪಿತು.
ಹಾಲಿಲ್ಲವೆಂದು ತಿಳಿಯಲು ಅದಕ್ಕೆ ಬಹಳ ಹೊತ್ತು ಬೇಕಾಯಿತು.
ನಮಗೂ ಹೊತ್ತಿತ್ತು.

ಐದರ ಆಚೆ ಟಿಟ್ಟಿಭ ಕೂಗಿತು.
ವೀಬೆ ತುಳಿಯುವುದನ್ನೇ ಮರೆತ.
ಒಂಬತ್ತರ ಹುಡುಗ, ಟೋಪಿಯೊಳಗೆ ಅದರ ಮೊಟ್ಟೆಯಿಟ್ಟುಕೊಂಡು
ಇದೇ ದಾರಿಯಲ್ಲಿ ಮನೆಗೆ ಹಾರಿದ್ದನಂತೆ;
ಒಡೆದ ಲೋಳೆ ಹಣೆಗಿಳಿದದ್ದನ್ನು
ಅಪ್ಪ ಊರಿಗೆಲ್ಲ ಹೇಳಿ ನಕ್ಕನಂತೆ.

ಈಗ ಅವನ ಸೈಕಲ್ಲಿನ ಹಿಂದೆ
ಒಂದು ಹಿಡಿ ಬಿದಿರುಕಡ್ಡಿ.
ಗೂಡಿನಿಂದ ನಾಲ್ಕು ಹೆಜ್ಜೆ ಆಚೀಚೆ ಎರಡು ನೆಡುತ್ತಾನೆ,
ಟ್ರಾಕ್ಟರಿನ ಹುಡುಗ ನಡುವೆ ಒಂದಿಷ್ಟು ಹುಲ್ಲು ಬಿಡಲಿ ಎಂದು.
ಮುಟ್ಟುವುದಿಲ್ಲ. ಬಗ್ಗಿ ನೋಡಿ,
‘ಮೂರು, ಯೆಟ್ಸ್ಕೆ’ ಅನ್ನುತ್ತಾನೆ,
ಟೋಪಿ ತೆಗೆದು, ಒಳಗೊಮ್ಮೆ ಇಣುಕಿ,
ಮತ್ತೆ ಹಾಕಿಕೊಳ್ಳುತ್ತಾನೆ.

ಏಳನೆಯ ಗೇಟಿನಲ್ಲಿ ತಿರುಗಿದೆವು.
ಈಗ ಬೆನ್ನಿಗೆ ಗಾಳಿ, ಪೆಡಲೇ ಬೇಡ,
ಗೇಟಿನ ಮೇಲೆ ಗೇಟು ಎದ್ದು ಬರುತ್ತಿದೆ.
ಇಷ್ಟು ಬೇಗ ಮನೆ ಬಂದುಬಿಡುತ್ತದಲ್ಲಾ ಎಂದು
ಬಯಲಿನಂಥ ದಾರಿಯಲ್ಲೂ
ಇಬ್ಬರೂ ಬ್ರೇಕು ಹಿಡಿದೇ ಬಂದೆವು.